ತಂತಿ ಬದಲಿಸಿದವರು

ಹ್ಯಾಂಡಲು ತಿರುಗಿಸಿದ್ದೇ ತಡ, ಟ್ರಾಕ್ಟರು ಢಮ್ಮೆಂದು ಹೊಗೆ ಉಗುಳಿ ಸುಮ್ಮನಾಯಿತು. ಆಯುಧಪೂಜೆಗೆಂದು ಅಂಗಳದಲ್ಲಿ ನೆರೆದಿದ್ದ ಪೆರೇಸಂದ್ರದ ಜನ ಗೊಳ್ಳೆಂದು ನಕ್ಕರು.

"ಏನ್ ಮೇಷ್ಟ್ರೇ, ದೀಪಾವಳಿ ಇವತ್ತೇ ಮಾಡ್ಬಿಟ್ರಾ?" ಎಂದ ಪಕ್ಕದ ಮನೆಯ ಮುನಿನಾರಾಯಣಪ್ಪ.

ನಿವೃತ್ತ ಹೆಡ್‌ಮಾಸ್ತರ ನರಸಿಂಹಪ್ಪನವರ ಮುಖ ಕೆಂಪೇರಿತು. ತಂದೆಯ ಕಾಲದ ಸೀಮೆಎಣ್ಣೆ ಟ್ರಾಕ್ಟರು ಅದು. ಹಿಂದಿನ ಸಂಜೆಯಷ್ಟೇ, ಅವರದೇ ಜಾಗದಲ್ಲಿ ರಿಪೇರಿ ಷೆಡ್ ಇಟ್ಟಿದ್ದ ಮೆಕ್ಯಾನಿಕ್ ಮುಖ್ತಾರ್ ಅದರಲ್ಲಿ ಕಿಡಿ ಹುಟ್ಟಿಸುವ ಭಾಗಗಳನ್ನೆಲ್ಲ ಸರ್ವಿಸ್ ಮಾಡಿದ್ದ. ಪ್ಲಗ್ಗು ಉಜ್ಜಿ, ಪಾಯಿಂಟು ತಿದ್ದಿ, ಕಿಡಿ ಹಂಚುವ ರೋಟರು ಎಡಕ್ಕೆ ಸುತ್ತುವುದನ್ನು ಮನೆಮಂದಿಗೆಲ್ಲ ತೋರಿಸಿ, ನಾಲ್ಕು ತಂತಿಗಳನ್ನೂ ಅದೇ ಎಡಸುತ್ತಿನಲ್ಲಿ ಸಿಕ್ಕಿಸಿದ್ದ. ಆಗ ಒಂದೇ ತಿರುವಿಗೆ ಎಂಜಿನು ಹೊತ್ತಿಕೊಂಡಿತ್ತು.

ಕರೆ ಹೋದೊಡನೆ ಓಡಿಬಂದ ಮುಖ್ತಾರ್ ಬಗ್ಗಿ ನೋಡಿದ. "ಎರಡು ತಂತಿ ಅದಲು ಬದಲಾಗಿವೆ ಮೇಷ್ಟ್ರೇ. ಯಾರೋ ಬೇಕಂತಲೇ ಮಾಡಿದಾರೆ."

ಆ ಮಾತೇ ಅವನಿಗೆ ಮುಳುವಾಯಿತು. ಇಷ್ಟು ಅಚ್ಚುಕಟ್ಟಾಗಿ ಬದಲಿಸಲು ಬಲ್ಲವನಿಗಲ್ಲದೆ ಮತ್ತಾರಿಗೆ ಸಾಧ್ಯ? ಜೀವಮಾನವೆಲ್ಲ ಮಕ್ಕಳಿಗೆ ಸತ್ಯವನ್ನು ಬೋಧಿಸಿದ ನರಸಿಂಹಪ್ಪನವರಿಗೆ ಕಳ್ಳತನಕ್ಕಿಂತಲೂ ಕಪಟವೇ ಅಸಹ್ಯ.

"ಮತ್ತೆ ಕರೆಸ್ಕೊಳ್ಳೋಕೆ ನೀನೇ ಕೆಡಿಸಿದೀಯ! ನನ್ನ ಜಾಗದಲ್ಲೇ ಷೆಡ್ ಹಾಕ್ಕೊಂಡು ನನಗೇ ಮೋಸ!"

"ದೇವರಾಣೆ ಇಲ್ಲ ಮೇಷ್ಟ್ರೇ. ರಾತ್ರಿ ಗೇಟಿಗೆ ಬೀಗ ಹಾಕಿದ್ದು ನೀವೇ ಅಲ್ವಾ?"

"ಗೋಡೆ ಹಾರೋರಿಗೆ ಗೇಟ್ ಯಾಕಯ್ಯ? ಇವತ್ತೇ ಷೆಡ್ ಖಾಲಿ ಮಾಡು!"

"ಅದು ಅವನ ಅನ್ನ, ಮೇಷ್ಟ್ರೇ. ಹಬ್ಬದ ದಿನ ಬೇಡ," ಎಂದ ಮುನಿನಾರಾಯಣಪ್ಪ. ಈಗ ಅವನೂ ನಗುತ್ತಿರಲಿಲ್ಲ.

"ಅಧರ್ಮಕ್ಕೆ ಹಬ್ಬದ ರಿಯಾಯಿತಿ ಇಲ್ಲ!"

ಮುಖ್ತಾರ್ ಬಗ್ಗಿ ತಂತಿಗಳೆರಡನ್ನೂ ಕಿತ್ತು ಅವುಗಳ ಜಾಗಕ್ಕೆ ಸಿಕ್ಕಿಸಿ, ಹ್ಯಾಂಡಲು ತಿರುಗಿಸಿದ. ಎಂಜಿನು ಗುಡುಗುಡು ಎಂದಿತು. ಷೆಡ್ಡಿನ ಬೀಗದ ಕೈಯನ್ನು ಮೇಷ್ಟ್ರ ಅಂಗೈಗೆ ಹಾಕಿ, ತಿರುಗಿ ನೋಡದೆ ಗೇಟು ದಾಟಿಹೋದ. ನ್ಯಾಯ ನಡೆಯಿತೆಂದು ನರಸಿಂಹಪ್ಪನವರು ಎದೆ ಸೆಟೆಸಿ ನಿಂತರು.

ಎಂಜಿನಿನ ಸದ್ದಿಗೆ ಅವರ ವೃದ್ಧ ತಾಯಿ ಕೊಂಡಮ್ಮ ಆರತಿ ತಟ್ಟೆ ಹಿಡಿದು, ಮುಖವರಳಿಸಿಕೊಂಡು ಹೊರಬಂದರು.

"ನೋಡ್ದೇನಪ್ಪ, ಹೆಂಗೆ ಹೊತ್ಕೊಂತು! ಪೂಜೆ ಗಾಡೀಲಿ ಎಡಸುತ್ತು ಇರಬಾರ್ದು ಅಂತ ಬೆಳಿಗ್ಗೆ ನಾನೇ ಆ ಎರಡು ತಂತಿ ಕಿತ್ತು, ಪ್ರದಕ್ಷಿಣೆ ಬರೋ ಹಂಗೆ ಸಿಕ್ಕಿಸ್ದೆ ಕಣಪ್ಪ."