ಇನ್ನೂರು ಜನರ ಉಪ್ಪು

"ನಾನು ರಿಟೈರ್ ಆದ ದಿನದಿಂದ ನೀನು ಒಲೆ ಮುಂದೆ ನಿಲ್ಲಬೇಡ ಕಣೇ. ನೀನು ಕೂತಿರು... ನಾನು ಮಾಡಿ ಬಡಿಸ್ತೀನಿ."

ಮದುವೆಯಾದ ಹೊಸತರಲ್ಲಿ ಹೊಂಬಾಳಯ್ಯ ತನ್ನ ಹೆಂಡತಿ ಸಾಕಮ್ಮನಿಗೆ ಕೊಟ್ಟ ಮಾತು ಇದು.

ಅವನು ಮಂಡ್ಯದ ಒಂದು ಹಾಸ್ಟೆಲ್‌ನಲ್ಲಿ ಅಡುಗೆಯವನು. ಇನ್ನೂರು ಹುಡುಗರಿಗೆ ಮೂರು ಹೊತ್ತೂ ಅವನ ಕೈಯ ಊಟ. ಮನೆಗೆ ಬರುವಾಗ ಮೈಯೆಲ್ಲಾ ಒಗ್ಗರಣೆ ವಾಸನೆ... ಆದರೆ ಹೆಂಡತಿಗೆ ಒಂದು ದಿನವೂ ಬೇಯಿಸಿ ಹಾಕಿದವನಲ್ಲ.

ಸಾಕಮ್ಮ ಕಾದಳು. ಆಗಾಗ ರೇಗಿಸುತ್ತಿದ್ದಳು.

"ಊರ ಮಕ್ಕಳಿಗೆಲ್ಲಾ ಉಣ್ಣಿಸಿದ್ರಿ. ನನ್ನ ಸರದಿ ಯಾವಾಗ್ರೀ?"

ಆ ದಿನವೂ ಬಂತು. ರಿಟೈರ್ ಆದ ಮಾರನೇ ಬೆಳಿಗ್ಗೆ ಹೊಂಬಾಳಯ್ಯ ಪಂಚೆ ಎತ್ತಿ ಕಟ್ಟಿ, ಅವಳಿಗೆ ಪ್ರಾಣವಾಗಿದ್ದ ಬಸ್ಸಾರಿಗೆ ಕೈ ಹಾಕಿದ. ಸೊಪ್ಪು ಬಸಿದ, ಖಾರ ರುಬ್ಬಿದ. ಕೊನೆಗೆ ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು... ಮುಷ್ಟಿ ಮುಷ್ಟಿ ಉಪ್ಪು ಬಿತ್ತು.

ಕೈಗೆ ಗೊತ್ತಿದ್ದದ್ದು ಇನ್ನೂರು ಜನರ ಅಳತೆ. ಪಾತ್ರೆಯಲ್ಲಿದ್ದದ್ದು ಇಬ್ಬರ ಸಾರು.

ಸಾಕಮ್ಮ ಒಂದು ತುತ್ತು ಬಾಯಿಗಿಟ್ಟು, ಚೊಂಬು ನೀರು ಕುಡಿದು, ಬಿದ್ದೂ ಬಿದ್ದೂ ನಕ್ಕಳು. "ಸಮುದ್ರಾನೇ ಬಸಿದ್ರೇನ್ರೀ?"

ತಮಾಷೆಗೆ ಅಂದ ಮಾತು. ಅವನಿಗೆ ಮಾತ್ರ ಎದೆಗೆ ನಾಟಿತು. ಕೆಲಸದ ಜೊತೆ ಕೈಯೂ ಹೋಯಿತು ಅಂದುಕೊಂಡ. ಮತ್ತೆ ಒಲೆಯ ಹತ್ತಿರ ಸುಳಿಯಲಿಲ್ಲ.

ಬಾಗಿಲಲ್ಲೊಂದು ಪ್ಲಾಸ್ಟಿಕ್ ಕುರ್ಚಿ... ಒಳಗೊಂದು ಟಿವಿ... ಅವನ ಪ್ರಪಂಚ ಅಷ್ಟೇ ಆಯಿತು.

ಗಣೇಶನ ಹಬ್ಬಕ್ಕೆ ಬೀದಿಯವರು ಅಡುಗೆಗೆ ಕರೆದರು, ಹೋಗಲಿಲ್ಲ. ಆಸ್ಪತ್ರೆಯ ಹತ್ತಿರ ರೋಗಿಗಳ ಕಡೆಯವರಿಗೆ ಊಟ ಹಾಕುವ ಟ್ರಸ್ಟಿನವರು ಮನೆಗೇ ಬಂದು ಕೇಳಿದರು. ದುಡಿದದ್ದು ಸಾಕು ಅಂದುಬಿಟ್ಟ. ಮಂಡಿ ಹಿಡಿಯಿತು. ಮಾತು ಕಮ್ಮಿಯಾಯಿತು.

ಸಾಕಮ್ಮ ಬಿಡದೆ ಕೇಳುತ್ತಿದ್ದಳು. "ಉಪ್ಪು ನಾನು ಹಾಕ್ತೀನಿ. ಮಿಕ್ಕಿದ್ದು ನೀವು ಮಾಡಿ."

ಪ್ರತಿ ಸಲವೂ ಒಂದೇ ಉತ್ತರ... "ನಾಳೆ ನೋಡಾಣ."

ಆ ಮಾಗಿಯಲ್ಲಿ ಅವಳಿಗೆ ಜ್ವರ ಬಂತು. ಎದೆಗಿಳಿಯಿತು. ಆ ನಾಳೆ ಬರಲೇ ಇಲ್ಲ.

ಹನ್ನೊಂದನೇ ದಿನದ ತಿಥಿಗೆ ಮಗಳು ಕೇಟರಿಂಗ್‌ನವರಿಗೆ ಹೇಳಿದ್ದಳು. ಹಿಂದಿನ ದಿನ ಪಕ್ಕದ ಮನೆಯ ಕೆಂಪಮ್ಮ ಒಂದು ಪಾತ್ರೆ ತಂದು ಅವನ ಮುಂದಿಟ್ಟಳು.

"ಸಾಕಕ್ಕನದು ಕಣಣ್ಣ. ನೀವು ಬಸ್ಸಾರು ಮಾಡಿದ್ರಲ್ಲ, ಆವತ್ತು ತಂದಿದ್ದು... ನಮ್ಮಲ್ಲೇ ಉಳಕೊಂಡಿತ್ತು."

ಆ ಸಾರನ್ನು ಚೆಲ್ಲಿದ್ದಾಳೆ ಅಂತಲೇ ಅವನು ತಿಳಿದಿದ್ದ. ಅವಳು ಚೆಲ್ಲಿರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಉಪ್ಪಿಲ್ಲದೆ ಬೇಳೆ, ಸೊಪ್ಪು ಬೇಯಿಸಲು ಹೇಳಿ, ಅದರಲ್ಲಿ ಬೆರೆಸಿ, ಬೀದಿಗೆಲ್ಲಾ ಹಂಚಿದ್ದಳಂತೆ. ತಾನೂ ಅವರ ಜೊತೆ ಕೂತು ಮುದ್ದೆ ಮುರಿದಿದ್ದಳಂತೆ.

"ನಾನು ಗೇಲಿ ಮಾಡ್ದೆ ಅಣ್ಣ. ಅದಕ್ಕೆ ಸಾಕಕ್ಕ ಏನಂದ್ಲು ಗೊತ್ತಾ... 'ಅವರ ಕೈ ಅಳತೆ ತಪ್ಪಿಲ್ಲ ಕಣೇ. ಉಣ್ಣೋರು ಕಮ್ಮಿ ಆದ್ರು, ಅಷ್ಟೆ.'"

ಹೊಂಬಾಳಯ್ಯ ಆ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಒಲೆಯ ಪಕ್ಕ ಇಟ್ಟ. ಆಮೇಲೆ ಮಗಳನ್ನು ಕರೆದು, ಕೇಟರಿಂಗ್ ಬೇಡ ಅಂದ.

ತಿಥಿಗೆ ಯಾರಾದರೂ ಬಸ್ಸಾರು ಮಾಡುತ್ತಾರಾ ಅಂತ ನೆಂಟರು ಗೊಣಗಿದರು. ಹೋದವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕು ಅಂದು ಅವನು ಸೌದೆ ಒಟ್ಟಿದ. ದೊಡ್ಡ ಪಾತ್ರೆ ಒಲೆ ಏರಿತು. ಮುಷ್ಟಿ ಮುಷ್ಟಿ ಉಪ್ಪು ಬಿತ್ತು.

ಬಂದವರೆಲ್ಲ ಎರಡೆರಡು ಸಲ ಸಾರು ಹಾಕಿಸಿಕೊಂಡರು. ಉಪ್ಪು ಹದವಾಗಿತ್ತು.

ಆದರೆ ಎಲ್ಲರಿಗಿಂತ ಮೊದಲ ಎಲೆ ಸಾಕಮ್ಮನ ಫೋಟೋ ಮುಂದೆ ಬಿದ್ದಿತ್ತು. ಅವನೇ ಮುದ್ದೆ ಇಟ್ಟಿದ್ದ, ಸಾರು ಬಿಟ್ಟಿದ್ದ... "ಸಾಕಾ? ಇನ್ನೊಂಚೂರು ಬಿಡ್ಲಾ?" ಅಂತ ಬಾಯಿತಪ್ಪಿ ಕೇಳಿಯೂ ಬಿಟ್ಟಿದ್ದ.

ಸೌಟು ಹಿಡಿದ ಕೈ ಹಾಗೇ ನಿಂತಿತ್ತು.

ಈಗ ಹೊಂಬಾಳಯ್ಯ ದಿನಾ ಆಸ್ಪತ್ರೆಯ ಹತ್ತಿರದ ಆ ಟ್ರಸ್ಟಿನ ಅಡುಗೆಮನೆಯಲ್ಲಿರುತ್ತಾನೆ. ಮಂಡಿ ನೋಯುತ್ತದೆ... ಆದರೂ ನಿಲ್ಲುತ್ತಾನೆ. ಅಲ್ಲಿ ಉಣ್ಣುವವರು ಕಮ್ಮಿಯಿಲ್ಲ.

ಸಾಕಮ್ಮನಿಗೆ ಕೊಟ್ಟ ಮಾತನ್ನು ಮಾತ್ರ ಅವನು ಉಳಿಸಿಕೊಳ್ಳಲಿಲ್ಲ.

ನಿವೃತ್ತಿ ನೌಕರಿಗೆ ಮಾತ್ರ... ಕೈಗಲ್ಲ. ಕೈಯ ಅಳತೆಗೆ ತಕ್ಕ ಪಂಕ್ತಿಯನ್ನು ನಾವೇ ಹುಡುಕಿಕೊಳ್ಳಬೇಕು.

ನಿಮ್ಮ ಮನೆ ಬಾಗಿಲ ಕುರ್ಚಿಯಲ್ಲಿ ಯಾರು ಕೂತಿದ್ದಾರೆ...? "ನಾಳೆ" ಅಂತ ನೀವು ಯಾರಿಗೆ ಹೇಳಿದ್ದೀರಿ...?