ಚಿಪ್‌ನೊಳಗಿನ ತಪ್ಪು

"ಯಾರೋ ಪೆನ್ ಡ್ರೈವ್ ಆಕ್ತಾವ್ರೆ ಸಾ. ಇಲ್ದಿದ್ರೆ ಮೂರ್ ಸಲ ಫಾರ್ಮ್ಯಾಟ್ ಮಾಡಿದ್ಮೇಲೂ ವೈರಸ್ ಎಲ್ಲಿಂದ ಬತ್ತದೆ?"

ಚನ್ನರಾಯಪಟ್ಟಣದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ರಿಪೇರಿಯ ಕಾಂತರಾಜು ಎಲ್ಲರೂ ಕೇಳುವಂತೆ ಮಾಲೀಕರಿಗೆ ಹೇಳಿದ. ಹೆಸರೇನೂ ಎತ್ತಲಿಲ್ಲ. ಆದರೆ ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಕವನಾ ಒಬ್ಬಳೇ. ಆ ವೈರಸ್ಸಿನಿಂದ ರೋಗಿಗಳ ರಿಪೋರ್ಟುಗಳು ಯಾರ್ಯಾರದೋ ಮೊಬೈಲಿಗೆ ಸೋರಿಹೋಗಿದ್ದವು. ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆದರು. "ನಾನೇನೂ ಆಕಿಲ್ಲ ಸಾ" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಹದಿನೈದೇ ದಿನಕ್ಕೆ ವೈರಸ್ ಮತ್ತೆ ಬಂತು. ಈಗ ಅಲ್ಲಿ ಕವನಾ ಇರಲಿಲ್ಲ. ಕಾಂತರಾಜು ಕಂಪ್ಯೂಟರನ್ನು ಅಂಗಡಿಗೆ ತಂದು, ಅದರ ಬೋರ್ಡು ಮಾಡಿದ ಕಂಪನಿಯ ಸೂಚನೆಗಳನ್ನು ಹುಡುಕಿ ಓದಿದ. ಕಂಪ್ಯೂಟರನ್ನು ಎಬ್ಬಿಸುವ, ಚಿಪ್‌ನಲ್ಲೇ ಕೂತಿರುವ ಮೂಲ ಪ್ರೋಗ್ರಾಮಿನಲ್ಲಿ ದೋಷವಿತ್ತು. ಮೆಮೊರಿಯಲ್ಲಿ ತನಗೆ ಕೊಟ್ಟ ಜಾಗ ಮೀರಿ ಅದು ಬರೆಯುತ್ತಿತ್ತು. ಆ ಸಂದಿಯಲ್ಲಿ ಕಳ್ಳ ಪ್ರೋಗ್ರಾಮು ನುಗ್ಗಿ ಚಿಪ್‌ನೊಳಗೇ ಬೀಡುಬಿಡುತ್ತಿತ್ತು. ಹಾರ್ಡ್ ಡಿಸ್ಕನ್ನು ಎಷ್ಟು ಸಲ ಅಳಿಸಿದರೂ ಅದಕ್ಕೇನೂ ಆಗುತ್ತಿರಲಿಲ್ಲ. ದೋಷ ಸರಿಪಡಿಸುವ ಅಪ್‌ಡೇಟ್ ಬಂದು ವರ್ಷವಾಗಿತ್ತು. ಅದರ ಮೇಲ್ ಕಾಂತರಾಜುವಿಗೂ ಬಂದಿತ್ತು. ಅವನು ತೆರೆದೇ ಇರಲಿಲ್ಲ.

ಭಾನುವಾರ ದಂಡಿಗನಹಳ್ಳಿಗೆ ಹೋದ. ಕವನಾಳ ತಾಯಿ ಮಾರಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಲ್ಯಾಬಿನ ಕಂಪ್ಯೂಟರ್ ನೋಡುವವನು ಎಂದು ತಿಳಿದೊಡನೆ ಮೊರ ಕೆಳಗಿಟ್ಟು ಎದ್ದಳು.

"ಸಿಕ್ತಾ ಸಾ, ಆ ಕಳೆದೋದ ಪೆನ್ ಡ್ರೈವು? ನಮ್ ಉಡುಗಿ ಕದ್ದಿಲ್ಲ ಕಣಪ್ಪ. ಊರೋರೆಲ್ಲ ಅಂಗಂತಾವ್ರೆ ಅಂತ ಅವಳ ಬ್ಯಾಗು, ಬಟ್ಟೆ ಎಲ್ಲಾ ನಾನೇ ಉಡುಕ್ಬುಟ್ಟೆ."

ಒಳಗಿನಿಂದ ಬಂದ ಕವನಾಳಿಗೆ ಅವನು ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದ.

"ನಿನ್ ತಪ್ಪಲ್ಲ ಕಣಮ್ಮ. ನಾನೇ ಮೊದ್ಲು ನೋಡ್ಬೇಕಾಗಿತ್ತು."

"ಲ್ಯಾಬಲ್ಲಿ ಇದ್ನ ಏಳಿದ್ರಾ?"

"ಬೋರ್ಡ್ ಓಗಿತ್ತು, ಬದಲಾಯಿಸ್ದೆ ಅಂತ ಏಳಿವ್ನಿ." ಅವನು ತಲೆ ತಗ್ಗಿಸಿದ. ನಿಜ ಹೇಳಿದರೆ ಪಟ್ಟಣದಲ್ಲಿ ಇನ್ಯಾರೂ ತನ್ನನ್ನು ಕೆಲಸಕ್ಕೆ ಕರೆಯುವುದಿಲ್ಲವೆಂದು ಹೆದರಿದ್ದ.

ಕವನಾ ಅವ್ವ ಕೆಳಗಿಟ್ಟ ಮೊರವನ್ನು ಕೈಗೆತ್ತಿಕೊಂಡಳು.

"ನಾನು ಮಾಡಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಸಾ. ಗೊತ್ತಾಗ್ಬೇಕಾಗಿರೋದು ಅಲ್ಲಿರೋರ್ಗೆ."