ಎದ್ದು ನಿಲ್ಲಬೇಕಾದವರು

‘ದಂಡೆ’ ಎಂಬ ಗುಪ್ತನಾಮದ ಹಿಂದೆ ಯಾರಿದ್ದಾರೆಂದು ನೆಸ್ಟಾಳಿಗೆ ಗೊತ್ತಿತ್ತು. ಗೊತ್ತಿದ್ದೇ, ಆ ಹೆಸರಿನಲ್ಲಿ ಬಂದ ಕಥೆಗೆ ತೀರ್ಪುಗಾರ್ತಿಯಾದ ಅವಳು ಮೊದಲ ಸ್ಥಾನ ಕೊಟ್ಟಿದ್ದಳು.

“ಲಕೋಟೆ ಒಡೆದು ಒಂದ್ಸಲ ಹೆಸರು ತೋರ್ಸು ಎಲ್ವೆಡ್,” ಎಂದು ಕಳೆದ ವಾರ ಖಾತ್ರಿಗೆಂದು ಕೇಳಿಯೂ ನೋಡಿದ್ದಳು.

ಮಕ್ಕಳ ಸಾಹಿತ್ಯ ಹಬ್ಬದ ಕಾರ್ಯದರ್ಶಿ ಎಲ್ವೆಡ್ ನಕ್ಕುಬಿಟ್ಟಿದ್ದ. “ಯಾವ ತೀರ್ಪುಗಾರರಿಗೂ ಇದುವರೆಗೆ ತೋರ್ಸಿಲ್ಲ ಕಣಮ್ಮ. ನಿಂಗೆ ತೋರ್ಸಿದ್ರೆ ನಮ್ಮಜ್ಜ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾನೆ. ವೇದಿಕೆ ಮೇಲೆ ಗುಪ್ತನಾಮ ಕೂಗು, ಕಹಳೆ ಊದಿಸು. ಬರ್ದೋರು ಎದ್ದು ನಿಲ್ತಾರೆ. ಆಗ ನೋಡ್ಕೋ, ಊರಿನ ಜೊತೆ.”

ಊರಿನ ಜೊತೆ. ಯೋಚಿಸಿದಂತೆಲ್ಲ ಅದೇ ಸರಿಯೆನಿಸಿತು ಅವಳಿಗೆ.

ಹೋದ ಬೇಸಿಗೆಯಲ್ಲಿ ಅವಳ ಮಗ ಮಾಕ್ಸೆನ್, ಊರ ಮೇಲಿನ ಹಳೆಯ ಕಲ್ಲುಗಣಿಯಲ್ಲಿ ನಿಂತ ನೀರಿಗೆ ಬಿದ್ದು ಸತ್ತಿದ್ದ. ಹನ್ನೆರಡು ವರ್ಷದ ಹುಡುಗ. ಒಬ್ಬನೇ ಹೋಗಿದ್ದ ಎಂದು ಪೊಲೀಸರು ಬರೆದುಕೊಂಡರು. ಊರೂ ನಂಬಿತು, ನೆಸ್ಟಾಳೂ ನಂಬಿದಳು. ಸ್ಪರ್ಧೆಯ ಕಥೆಗಳ ಕಟ್ಟಿನಲ್ಲಿ ‘ದಂಡೆ’ಯ ಕಥೆ ಕೈಗೆ ಬರುವವರೆಗೆ.

ಕಥೆಯ ಹುಡುಗ ನೀರಿಗೆ ಹಾರುವ ಮೊದಲು ಕನ್ನಡಕ ತೆಗೆದು ಎಡಗಾಲಿನ ಬೂಟಿನೊಳಗೆ ತುರುಕುತ್ತಾನೆ. ಮಾಕ್ಸೆನ್‌ನ ಕನ್ನಡಕ ಸಿಕ್ಕಿದ್ದೂ ಅಲ್ಲೇ. ಪೊಲೀಸರು ಕೊಟ್ಟ ಬೂಟಿನೊಳಗೆ ಕೈ ಹಾಕಿದವಳು ನೆಸ್ಟಾ. ಅದನ್ನು ಅವಳು ಮನೆಯಲ್ಲೂ ಬಾಯಿ ಬಿಟ್ಟು ಹೇಳಿರಲಿಲ್ಲ. ಕಥೆ ಮುಂದೆ ಹೀಗಿತ್ತು:

‘ಹೇಡಿ ಅಂದೆ, ಹಾರಿದ. ಮುಳುಗಿ ಆಟ ಆಡುತ್ತಿದ್ದಾನೆಂದು ನಕ್ಕೆ. ನೀರು ಸುಮ್ಮನಾಯಿತು. ಓಡಿದೆ. ಬ್ಯಾಂಡ್ ಅಭ್ಯಾಸಕ್ಕೆ ಹೋಗಿದ್ದೆ ಎಂದು ಮನೆಯಲ್ಲಿ ಹೇಳಿದೆ. ಸೂಪು ಬಡಿಸಿದರು. ಕುಡಿದೆ.’

ಕುಡಿದೆ! ಆ ಒಂದು ಮಾತಿನ ಕೆಳಗೆ ನೆಸ್ಟಾ ಕಾಗದ ಹರಿಯುವಷ್ಟು ಒತ್ತಿ ಗೆರೆ ಎಳೆದಿದ್ದಳು.

ಬ್ಯಾಂಡಿಗೆ ಚಕ್ಕರ್ ಹೊಡೆಯುವುದರಲ್ಲಿ ಕಟುಕರ ಮನೆಯ ಗ್ವಿಲಿಮ್‌ನದು ಎತ್ತಿದ ಕೈ. ಮಾಕ್ಸೆನ್‌ನ ಬೆನ್ನಿಗಂಟಿದ ಗೆಳೆಯ ಅವನು. ಸಾವಿನ ಮಾರನೆಯ ವಾರವೇ ಡ್ರಮ್ ಬಾರಿಸುವುದನ್ನು ಬಿಟ್ಟಿದ್ದ. ನೆಸ್ಟಾ ಎದುರಾದರೆ, ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಳ್ಳುವವನಂತೆ, ರಸ್ತೆಯ ಆ ಬದಿಗೆ ದಾಟುತ್ತಿದ್ದ.

ಹಬ್ಬದ ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳು ಹೆಲೆದ್ ಬ್ಯಾಂಡಿನಲ್ಲಿ ಊದುವ ತನ್ನ ಕಹಳೆ ಉಜ್ಜುತ್ತ ಕುಳಿತಿದ್ದಳು. ಮುಂದಿಟ್ಟ ಬ್ರೆಡ್ಡು ಹಾಗೇ ಇತ್ತು.

“ಅಮ್ಮಾ, ಬರ್ದೋರು ಎದ್ದು ನಿಂತ್ಮೇಲೆ ಏನ್ಮಾಡ್ತೀಯ?”

“ಗೆದ್ದೋರ್ನ ಕುರ್ಚಿಯಲ್ಲಿ ಕೂರ್ಸೋ ಮುಂಚೆ ‘ಶಾಂತಿ ಇದೆಯೇ’ ಅಂತ ಸಭೇನ ಕೇಳ್ತಾರಲ್ಲ? ಎಲ್ರೂ ‘ಇದೆ’ ಅಂತಾರೆ. ನಾನು ‘ಇಲ್ಲ’ ಅಂತೀನಿ. ಯಾಕೆ ಅಂತಾನೂ ಹೇಳ್ತೀನಿ. ಪೊಲೀಸ್ನೋರಿಗೂ ಬರೋಕೆ ಹೇಳಿದೀನಿ.”

ಹೆಲೆದ್ ಉಜ್ಜುವ ಬಟ್ಟೆಯನ್ನು ಮಡಚಿದಳು. ಮತ್ತೆ ಬಿಚ್ಚಿದಳು. “ಕಥೆ ಚೆನ್ನಾಗಿತ್ತಾ?”

“ಚೆನ್ನಾಗೇ ಬರ್ದಿದಾನೆ, ಹಾಳಾದೋನು.”

“ಒಂದ್ವೇಳೆ... ಯಾರಿಗಾದ್ರೂ ಹೇಳ್ಬೇಕು ಅಂತ ಬರ್ದಿರಬಹುದಲ್ವಾ? ನೀನೇ ಓದ್ತೀಯ ಅಂತ ಗೊತ್ತಿದ್ದು?”

“ಹೇಳೋಕೆ ಬಾಯಿರ್ಲಿಲ್ವಾ ಅವನಿಗೆ? ತಿಂಡಿ ತಿನ್ನು. ಖಾಲಿ ಹೊಟ್ಟೇಲಿ ಕಹಳೆ ಊದೋಕಾಗಲ್ಲ.”

ಪ್ರಾರ್ಥನಾಮಂದಿರದ ಸಭಾಂಗಣ ತುಂಬಿತ್ತು. ಒದ್ದೆ ಕೋಟುಗಳ ವಾಸನೆ, ಚಹಾದ ಹಬೆ, ಪುಸ್ತಕ ಎದೆಗವಚಿಕೊಂಡ ಮಕ್ಕಳು. ವೇದಿಕೆಯ ಮೇಲೆ ಗೆದ್ದವರಿಗಾಗಿ ಕಾದಿದ್ದ ಓಕ್ ಮರದ ಕುರ್ಚಿ. ಅದರ ಹಿಂದೆ ಪರದೆಯ ಪಕ್ಕ ಕಹಳೆ ಹಿಡಿದ ಹೆಲೆದ್. ಬಾಗಿಲ ಬಳಿ ಪೊಲೀಸ್. ಮೂರನೆಯ ಸಾಲಿನಲ್ಲಿ ತಾಯಿ ಬೆರಿಲ್‌ಳ ಪಕ್ಕ ಗ್ವಿಲಿಮ್.

ನೆಸ್ಟಾ ಮುಂದೆ ಬಂದಳು.

“ಈ ಸಲದ ಕುರ್ಚಿ ‘ದಂಡೆ’ಗೆ. ಕಹಳೆಯ ಕರೆಗೆ ‘ದಂಡೆ’, ‘ದಂಡೆ’ ಮಾತ್ರ, ಎದ್ದು ನಿಲ್ಲಲಿ.”

ಕಹಳೆ ಮೊಳಗಿತು. ಸಭೆಯ ಕತ್ತುಗಳೆಲ್ಲ ಅತ್ತ ಇತ್ತ ತಿರುಗಿದವು. ಯಾರೂ ಏಳಲಿಲ್ಲ.

“ಇನ್ನೊಮ್ಮೆ,” ಎಂದಳು, ಹಿಂದಿರುಗಿ ನೋಡದೆ.

ಎರಡನೆಯ ಕರೆ ನಡುವೆಯೇ ಒಡೆಯಿತು. ಮಕ್ಕಳು ಕಿಸಕ್ಕೆಂದರು. ಗ್ವಿಲಿಮ್‌ನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆಗಲೂ ಅವನು ನೆಸ್ಟಾಳ ಮುಖ ನೋಡುತ್ತಿರಲಿಲ್ಲ. ಅವನ ಕಣ್ಣು ಅವಳ ಭುಜದಾಚೆ ಎಲ್ಲೋ ನೆಟ್ಟಿತ್ತು.

ಒಂದು ವರ್ಷ ಕಟ್ಟಿದ್ದ ಕಟ್ಟೆ ಒಡೆಯಿತು.

“ಏಳೋ ಗ್ವಿಲಿಮ್! ನನ್ನ ಮಗನ್ನ ನೀರಲ್ಲಿ ಬಿಟ್ಟು ಓಡೋಕೆ ಕಾಲಿತ್ತು, ಈಗ ಏಳೋಕೆ ಇಲ್ವಾ?”

ಬೆರಿಲ್ ಮಗನನ್ನು ತಬ್ಬಿಕೊಂಡು ಚೀರಿದಳು, “ನಾಲಿಗೆ ಬಿಗಿ ಹಿಡ್ಕೋ ನೆಸ್ಟಾ! ಆವತ್ತೆಲ್ಲ ಇವ್ನು ಅಂಗಡೀಲಿ ನನ್ನ ಕಣ್ಣೆದುರೇ ಇದ್ದ!”

“ಹೆತ್ತೋಳು ಇನ್ನೇನು ಹೇಳ್ತಾಳೆ?” ಎಂದಳು ನೆಸ್ಟಾ. ಬಾಗಿಲ ಬಳಿಯಿಂದ ಪೊಲೀಸ್ ಹೆಜ್ಜೆ ಮುಂದಿಟ್ಟ. ನೆಸ್ಟಾ ಬೆರಳನ್ನು ಹುಡುಗನತ್ತಲೇ ಚಾಚಿ ನಿಂತಿದ್ದಳು. “ಮೂರನೇ ಸಲ ಊದು ಹೆಲೆದ್. ಅದು ಹೇಗೆ ಏಳಲ್ವೋ ನೋಡೇಬಿಡ್ತೀನಿ.”

ಕಹಳೆ ಕೇಳಿಸಲಿಲ್ಲ.

“ಊದೇ!”

ಹಿಂದಿನಿಂದ ಹೆಜ್ಜೆಯ ಸದ್ದು ಬಂತು. ಚಾಚಿದ್ದ ಅವಳ ಕೈಯನ್ನು ತಣ್ಣನೆಯ ಕೈಯೊಂದು ಹಿಡಿದು ಮೆಲ್ಲನೆ ಕೆಳಗಿಳಿಸಿತು.

“ಅವನನ್ನ ಬಿಟ್ಬಿಡಮ್ಮಾ,” ಎಂದಳು ಹೆಲೆದ್. “ನಾನು ಆಗ್ಲಿಂದ ನಿಂತೇ ಇದೀನಿ.”